ಸೋತ ದಿನವೇ ಲಗ್ನ

ಜೂನಿಯರ್ ಅಂದ ಕೂಡಲೇ ಚಡ್ಡಿ ಹಾಕಿದ ಮಕ್ಕಳು ಅಂದ್ಕೋಬೇಡಿ. ನಮ್ಮದು ಜೂನಿಯರ್ ಕಾಲೇಜು. ಎಪ್ಪತ್ತರ ದಶಕದಲ್ಲಿ ಪಿಯುಸಿ ಓದೋ ಜಾಗಕ್ಕೆ ಆ ಹೆಸರಿತ್ತು, ಅಲ್ಲಿಯ ಹುಡುಗಿಯರು ಆಡೋ ಖೋಖೋ ಪಂದ್ಯಾವಳಿಗೂ ಅದೇ ಹೆಸರು ಅಂಟಿಕೊಂಡಿತ್ತು. ಮದ್ದೂರು ಬಸ್ ಸ್ಟ್ಯಾಂಡಿನ ಹುಡುಗರು ನಮ್ಮನ್ನ ಕಂಡರೆ "ಜೂನೇರು ಬಂದ್ರು ಕಣ್ಲಾ, ದಾರಿ ಬುಡ್ಲಾ" ಅಂತ ಅಣಕಿಸೋರು. ನಾನು ಸುಮ್ಮನೆ ಹೋಗೋ ಪೈಕಿ ಅಲ್ಲ. "ನಿಮ್ಮವ್ವಂಗೂ ಇಂಗೇ ದಾರಿ ಬುಡ್ತೀರೇನ್ಲಾ" ಅಂತ ತಿರುಗಿ ಕೇಳ್ತಿದ್ದೆ. ನನ್ನ ಗೆಳತಿ ಮಾತ್ರ ತಲೆ ತಗ್ಗಿಸಿಕೊಂಡು ಒಳಗೊಳಗೇ ನಗ್ತಾ ನಡೆದುಬಿಡೋಳು. ಅವಳಿಗೆ ಬಾಯಿ ಕಮ್ಮಿ, ಕಾಲು ಜಾಸ್ತಿ.

ಅವಳು ಬೆಸಗರಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರ್ತಿದ್ದಳು. ಬಸ್ಸು ನಿಲ್ಲೋ ತನಕ ಕಾಯೋ ತಾಳ್ಮೆ ಅವಳಿಗಿರಲಿಲ್ಲ. ಇನ್ನೂ ಉರುಳ್ತಾ ಇರೋವಾಗಲೇ ಲಂಗ ಎತ್ತಿ ಹಿಡಿದು ಇಳಿದು, ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿ ನಿಲ್ಲೋಳು. ಕಂಡಕ್ಟರು ಬೈದು ಬೈದು ಸಾಕಾಗಿ ಬಿಟ್ಟಿದ್ದ. ನಮ್ಮಪ್ಪನ ಸೈಕಲ್ ಶಾಪು ಅಲ್ಲೇ ಬಸ್ ಸ್ಟ್ಯಾಂಡಿನ ಎದುರಿಗೆ. ಅವಳು ಇಳಿಯೋದನ್ನ ನೋಡಿ ನಮ್ಮಪ್ಪ, "ಈ ಮಗಿಗೆ ಬ್ರೇಕೇ ಇಲ್ಲ ಕಣಮ್ಮ" ಅನ್ನೋರು.

ಖೋಖೋ ಆಟ ನೋಡದೆ ಇರೋರಿಗೆ ಒಂದು ಮಾತು. ಅಟ್ಟೋ ಕಡೆಯವರು ಎರಡು ಕಂಬದ ನಡುವೆ ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ, ಚೌಕದಲ್ಲಿ ಕುಕ್ಕರುಗಾಲಲ್ಲಿ ಕೂತಿರ್ತೀವಿ. ಒಬ್ಬಳು ಮಾತ್ರ ಎದ್ದು ಅಟ್ತಾಳೆ. ಅಟ್ಟೋಳು ಹಿಂದಕ್ಕೆ ತಿರುಗೋ ಹಾಗಿಲ್ಲ, ಸಾಲಿನ ನಡುವೆ ನುಗ್ಗೋ ಹಾಗಿಲ್ಲ. ಓಡೋಳು ನುಗ್ಗಬಹುದು. ಅದಕ್ಕೇ ಅಟ್ಟೋಳು ಕೂತವಳ ಬೆನ್ನು ಮುಟ್ಟಿ "ಖೋ" ಅಂತ ಕೂಗಿ ಅವಳನ್ನ ಎಬ್ಬಿಸಿ, ತಾನು ಅವಳ ಚೌಕದಲ್ಲಿ ಕೂರಬೇಕು. ಇಷ್ಟೇ ಆಟ. ಕಂಬದ ಹತ್ತಿರ ಓಡೋಳನ್ನ ಹಿಡಿಯೋದು ಕಷ್ಟ. ನನ್ನ ಗೆಳತಿ ಅಲ್ಲಿ ಒಂದು ಕೈಯಲ್ಲಿ ಕಂಬ ಹಿಡಿದು, ಮೈಯನ್ನ ಉದ್ದಕ್ಕೆ ಗಾಳಿಗೆ ಎಸೆದು ಇನ್ನೊಂದು ಕೈಯಲ್ಲಿ ಮುಟ್ಟಿಬಿಡ್ತಿದ್ದಳು. ಅದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ಸಲ ಅದನ್ನ ನೋಡಿದಾಗ ನಮ್ಮ ಪೀಟಿ ಮೇಡಂ ಬಾಯಲ್ಲಿದ್ದ ಸೀಟಿ ಊದೋದನ್ನೇ ಮರೆತರು.

ಪೀಟಿ ಮೇಡಂ ಮೈಸೂರಿನವರು. ಬಿಳಿ ಸೀರೆ, ಕೆಳಗೆ ಕ್ಯಾನ್ವಾಸ್ ಶೂ. ಊರಿಗೆ ಊರೇ ಆ ಶೂ ನೋಡಿ ನಗ್ತಿತ್ತು, ನನ್ನ ಗೆಳತಿ ಮಾತ್ರ ಅದನ್ನ ದೇವರ ಪಾದುಕೆ ನೋಡಿದ ಹಾಗೆ ನೋಡ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಪೀಟಿ ಮೇಡಂ ಆಗಬೇಕು. ಬಿಳಿ ಸೀರೆ ಉಟ್ಟು, ಶೂ ಹಾಕಿ, ಯಾವುದೋ ಸ್ಕೂಲಿನ ಬಯಲಲ್ಲಿ ನಿಂತು ಸೀಟಿ ಊದಬೇಕು. ರಾಜ್ಯಮಟ್ಟದಲ್ಲಿ ಆಡಿದ ಸರ್ಟಿಫಿಕೇಟು ಇದ್ದರೆ ಟ್ರೈನಿಂಗ್ ಸೀಟು ಸಲೀಸು ಅಂತ ಮೇಡಂ ಹೇಳಿದ್ದರು. ರಾಜ್ಯಮಟ್ಟಕ್ಕೆ ಹೋಗಬೇಕಾದರೆ ಜಿಲ್ಲೆಯಲ್ಲಿ ಗೆಲ್ಲಬೇಕು.

ಆ ವರ್ಷ ಪಂದ್ಯಾವಳಿ ಶುರುವಾಗೋ ಮುಂಚೆಯೇ ಅವಳಪ್ಪ ಕಾಲೇಜಿಗೆ ಬಂದರು. ಕಬ್ಬು ಬೆಳೆಯೋ ಮನುಷ್ಯ, ತಲೆಗೆ ಟವಲ್ಲು. ಕುರ್ಚಿ ತೋರಿಸಿದರೂ ಕೂರಲಿಲ್ಲ. "ಎಣ್ಮಗ ಕಾಲೇಜು ಬುಡುಸ್ತೀನಿ ಮೇಡಮ್ಮರೇ. ಪೂರಿಗಾಲಿಲಿ ನಮ್ ಎಂಡ್ರ ತಮ್ಮ ಅವ್ನೆ. ಇವಳು ಉಟ್ಟಿದ ದಿನವೇ ಮಾತಾಗೋಗದೆ" ಅಂದರು. ಸೋದರಮಾವನಿಗೆ ಕೊಡೋದು ನಮ್ಮ ಕಡೆ ಹೊಸದಲ್ಲ. ಹುಡುಗಿ ತೊಟ್ಟಿಲಲ್ಲಿ ಇರೋವಾಗಲೇ "ಇವಳು ಮಾವನ ಎಂಡ್ತಿ" ಅಂತ ತಮಾಷೆ ಮಾಡ್ತಾರೆ. ಬೆಳೀತಾ ಬೆಳೀತಾ ಆ ತಮಾಷೆಯೇ ನಿಜ ಆಗಿಹೋಗ್ತದೆ.

ಮೇಡಂ ಜಗಳ ಆಡಲಿಲ್ಲ. "ಪಂದ್ಯ ಮುಗಿಯೋ ತನಕ ಬಿಡಿ" ಅಂದರು, ಅಷ್ಟೇ. ಅವಳಪ್ಪ ಮಗಳ ಕಡೆ ನೋಡಿದರು. ಅವಳು ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದಳು. ಏನನ್ನಿಸಿತೋ, "ಆಗ್ಲಿ. ಎಲ್ಲಿಗಂಟ ಗೆಲ್ತಿಯೋ ಅಲ್ಲಿಗಂಟ ಓದು. ಗೆದ್ದು ರಾಜ್ಯಮಟ್ಟಕ್ಕೆ ಓದ್ರೆ ಆ ಟ್ರೇನಿಂಗೂ ಓಗು, ನಾ ಬ್ಯಾಡ ಅನ್ನಾಕಿಲ್ಲ. ಸೋತ ದಿನ ಲಗ್ನ ಕಟ್ಟುಸ್ತೀನಿ. ಇಬ್ಬರೂ ಕೇಳುಸ್ಕಳಿ, ಆಮೇಲೆ ಮಾತು ತಿರುಗ್ಸಂಗಿಲ್ಲ" ಅಂದರು. ಮೊದಲನೇ ಆಟದಲ್ಲೇ ಸೋತು ಬರ್ತಾರೆ ಅನ್ನೋ ಲೆಕ್ಕ ಅವರದು. ಅವರು ಆ ಕಡೆ ಹೋದ ಮೇಲೆ ನಾನು ಹಲ್ಲು ಕಡಿದೆ. "ಇದೇನೇ, ಕೋಳಿಪಂದ್ಯಕ್ಕೆ ಕಟ್ಟಿದಂಗೆ ನಿನ್ನ ಕಟ್ಟವ್ರೆ?" ಅಂದೆ. ಅವಳು, "ಬುಡಮ್ಮಿ, ಆಡಾಕ್ಕಾದ್ರೂ ಬುಟ್ಟವ್ರಲ್ಲ" ಅಂದಳು. ಅವಳ ಮುಖದಲ್ಲಿ ಸಂತೋಷ ಇತ್ತು. ಅದನ್ನ ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಮೊದಲನೇ ಆಟ ಮಳವಳ್ಳಿಯಲ್ಲಿ. ನಮ್ಮ ಟೀಮಿಗೆ ಅಂತ ಹೊಲಿಸಿದ್ದ ಬಟ್ಟೆ ಒಂದೇ ಥಾನಿನದು, ನೇರಳೆ ಬಣ್ಣ. ಪೈಜಾಮದ ಮೇಲೆ ಗಿಡ್ಡ ಜುಬ್ಬ. ಬಸ್ಸಿನಿಂದ ಇಳಿದಾಗ ಒಬ್ಬಜ್ಜಿ, "ಬ್ಯಾಂಡ್‌ಸೆಟ್ನೋರು ಬಂದವ್ರೆ, ಯಾರ ಮನೆ ಮದ್ವೆಯೋ" ಅಂತು. ನಾವು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು, ಅವಳೂ ನಕ್ಕಳು. ಆಮೇಲೆ ಬಯಲಿಗೆ ಇಳಿದು ಮಳವಳ್ಳಿಯವರನ್ನ ಹುಳ ಹಿಡಿಯೋ ಕೋಳಿಯ ಹಾಗೆ ಒಬ್ಬೊಬ್ಬರನ್ನೇ ಹೆಕ್ಕಿದಳು. ಪೂರಿಗಾಲಿ ಅಲ್ಲಿಗೆ ದೂರ ಇಲ್ಲ. ಅವಳ ಸೋದರಮಾವ ಆಟ ನೋಡೋಕೆ ಬಂದಿದ್ದ.

ನಾನು ಅವನನ್ನ ನೋಡಿದ್ದು ಅವತ್ತೇ ಮೊದಲು. ರಾಕ್ಷಸನ ಹಾಗೆ ಇರ್ತಾನೆ ಅಂದುಕೊಂಡಿದ್ದೆ. ಎಲ್ಲಿಯ ರಾಕ್ಷಸ, ಬಡಕಲು ಮನುಷ್ಯ, ಮೂವತ್ತರ ಮೇಲಿರಬಹುದು, ಕತ್ತಿನಲ್ಲಿ ತಾಯತ, ಕೈಯಲ್ಲಿ ಒಂದು ಕುಕ್ಕೆ ಸೀಬೆಹಣ್ಣು. ಆಟದ ಉದ್ದಕ್ಕೂ ಬಯಲಿನ ಗೆರೆ ಪಕ್ಕ ಓಡಾಡ್ತಾ, "ಓಡವ್ವಾ, ಇಡ್ಕ, ಬುಡ್ಬ್ಯಾಡ" ಅಂತ ಎಲ್ಲರಿಗಿಂತ ಜೋರಾಗಿ ಕೂಗ್ತಿದ್ದ. ಇವಳು ಗೆದ್ದಷ್ಟೂ ತನ್ನ ಮದುವೆ ಹಿಂದಕ್ಕೆ ಹೋಗ್ತದೆ ಅನ್ನೋದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಕೂಗ್ತಿದ್ದ. ಗೆದ್ದ ಮೇಲೆ ನಮಗೆಲ್ಲ ಸೀಬೆಹಣ್ಣು ಹಂಚಿ, "ನಮ್ ಉಡುಗಿ ಎಂಗೆ?" ಅಂತ ಪೀಟಿ ಮೇಡಂನ ಕೇಳಿದ. ಅವನನ್ನ ದ್ವೇಷ ಮಾಡೋಣ ಅಂತ ಎಷ್ಟು ಪ್ರಯತ್ನ ಪಟ್ಟೆ, ಆಗಲಿಲ್ಲ. ಆ ಸೀಬೆಹಣ್ಣೂ ತಿಂದೆ.

ಗೆದ್ದ ಖುಷಿಗೆ ಮೇಡಂ ಮರುದಿನ ನಮ್ಮನ್ನ ಮುತ್ತತ್ತಿಗೆ ಕರಕೊಂಡು ಹೋದರು. ಹೊಳೆಯಲ್ಲಿ ಮಂಡಿ ಮಟ್ಟ ನೀರಿಗೆ ಇಳಿದು ಒಬ್ಬರ ಮೇಲೊಬ್ಬರು ಎರಚಿದೆವು. ಕೋತಿಗಳು ನಮ್ಮ ಪುಳಿಯೋಗರೆಯ ಪೊಟ್ಟಣ ಹೊತ್ತುಕೊಂಡು ಮರ ಹತ್ತಿದವು. ನಾನು ಕಲ್ಲು ಎತ್ತಿಕೊಂಡರೆ ಅವಳು, "ಆಂಜನೇಯನ ಪೈಕಿ ಕಣಮ್ಮಿ, ಒಡೀಬ್ಯಾಡ, ನಮ್ಗೆ ಓಡಾದು ಕಲ್ಸೋನು ಅವನೇಯ" ಅಂದಳು. ಗುಡಿಯಲ್ಲಿ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಳು. ಹೊರಗೆ ಬಂದ ಮೇಲೆ, ಏನು ಕೇಳಿಕೊಂಡೆ, ಪಂದ್ಯದ ಕಪ್ಪಾ ಅಂದೆ.

"ಇಲ್ಲ. ಮಾವಂಗೆ ಬ್ಯಾರೆ ಒಳ್ಳೆ ಎಣ್ಣು ಸಿಗ್ಲಿ ಅಂತ" ಅಂದಳು.

ನಾನು ನಕ್ಕೆ. ಅವಳು ನಗಲಿಲ್ಲ. "ಅವನು ಒಳ್ಳೇವ್ನೇಯ ಕಣೆ. ಚಿಕ್ಕೋಳಿದ್ದಾಗ ಎಗಲ ಮ್ಯಾಲೆ ಕೂರಿಸ್ಕಂಡು ತಿರುಗಾಡ್ಸೋನು. ಅವನ ಎಗಲು ಅಂದ್ರೆ ನಂಗೆ ಅದೇ ಗ್ಯಾನ. ಅವನ್ನ ಎಂಗೆ ಗಂಡ ಅನ್ಕಳಾದು?" ಅಂದಳು. ಅವಳು ಅಷ್ಟು ಉದ್ದ ಮಾತಾಡಿದ್ದು ನನಗೆ ಬೇರೆ ಜ್ಞಾಪಕ ಇಲ್ಲ.

ಎರಡನೇ ಆಟ, ಮೂರನೇ ಆಟವನ್ನೂ ಗೆದ್ದೆವು. ಗೆದ್ದ ಸುದ್ದಿ ಪೂರಿಗಾಲಿಗೆ ಹೋದಾಗೆಲ್ಲ ಅವಳ ಅಜ್ಜಿಗೆ, ಅಂದರೆ ಆ ಮಾವನ ತಾಯಿಗೆ, ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಗ್ತಿತ್ತಂತೆ. ಮಗನಿಗೆ ವಯಸ್ಸಾಗ್ತಾ ಬಂತು, ಮೊಮ್ಮಗಳು ಕೈತಪ್ಪಿ ಹೋಗ್ತಾಳೆ ಅಂತ. ಮುದುಕಿ ಒಂದು ದಿನ ಬಳೆಗಾರನನ್ನ ಜೊತೆಗೇ ಕಟ್ಟಿಕೊಂಡು ಬೆಸಗರಹಳ್ಳಿಗೆ ಬಂದು, ಎಲೆ ಅಡಿಕೆ ಇಟ್ಟು ಸಾಸ್ತ್ರ ಮಾಡಿಸಿ, ಮೊಮ್ಮಗಳ ಎರಡೂ ಕೈಗೆ ಹಸಿರು ಗಾಜಿನ ಬಳೆ ತೊಡಿಸಿಬಿಟ್ಟಳು. ಅವಳಪ್ಪ, ಆಟ ಮುಗಿಯೋಗಂಟ ಮದುವೆ ಮಾತಿಲ್ಲ ಅಂತ ಹೇಳಿದರಂತೆ. ಅದಕ್ಕೆ ಮುದುಕಿ, "ಆಡ್ಲಿ, ಯಾರ್ ಬ್ಯಾಡ ಅಂದೋರು? ಕಾಲು ಆಟಕ್ಕಿರ್ಲಿ, ಕೈ ನಮ್ದು" ಅಂತಂತೆ.

ಬಳೆ ಹಾಕಿಕೊಂಡು ಖೋಖೋ ಆಡೋ ಹಾಗಿಲ್ಲ, ಬಿದ್ದರೆ ಗಾಜು ಚುಚ್ಚುತ್ತೆ. ನಮ್ಮ ಕೈಯದನ್ನೆಲ್ಲ ಮೇಡಂ ಬಿಚ್ಚಿಸ್ತಿದ್ದರು. ಇವಳದನ್ನ ಬಿಚ್ಚೋದು ಹೇಗೆ? ಮದುವೆ ಗೊತ್ತಾದ ಹೆಣ್ಣಿನ ಕೈ ಬರಿದಾಗಬಾರದು. ಹಾಗಂತ ನಮಗೆ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ, ತಾಯಿಹಾಲಿನ ಜೊತೆ ಬಂದದ್ದು ಅದು. ಕೊನೆಗೆ ಮೇಡಂ ಬ್ಯಾಂಡೇಜು ಬಟ್ಟೆ ತಂದು ಬಳೆಯ ಮೇಲೆ ಬಿಗಿಯಾಗಿ ಸುತ್ತೋಣ ಅಂದರು. ಬಿಳಿ ಬಟ್ಟೆ ನೋಡಿ ಅವಳವ್ವ ಹೌಹಾರಿ, "ಬಿಳೀದು ಬ್ಯಾಡಿ ತಾಯಿ" ಅಂತ ತನ್ನ ಹಳೇ ಕೆಂಪು ಸೀರೆಯ ಸೆರಗು ಹರಿದು ಕೊಟ್ಟಳು. ಆ ಕೆಂಪು ಪಟ್ಟಿ ಸುತ್ತಿಕೊಂಡೇ ಅವಳು ಸೆಮಿಫೈನಲ್ ಆಡಿದಳು, ಗೆಲ್ಲಿಸಿದಳು. ಅಂಪೈರು ನೋಡಿಯೂ ಸುಮ್ಮನಿದ್ದರು.

ಫೈನಲ್ಲು ಮಂಡ್ಯದಲ್ಲಿ, ಮಂಡ್ಯದ ಹುಡುಗಿಯರ ಮೇಲೆ. ಅವಳ ಕಡೆಯಿಂದ ಎಲ್ಲರೂ ಬಂದಿದ್ದರು. ಅಪ್ಪ, ಅವ್ವ, ಪೂರಿಗಾಲಿಯ ಅಜ್ಜಿ, ಮಾವ. ಅಜ್ಜಿ ಬಯಲಿನ ಅಂಚಿಗೆ ಕಂಬಳಿ ಹಾಸಿಕೊಂಡು ಎಲೆ ಅಡಿಕೆ ಜಗಿಯುತ್ತಾ ಕೂತಿತ್ತು. ಮಾವ ಕೂರಲಿಲ್ಲ. ನಮ್ಮಪ್ಪನೂ ಶಾಪಿಗೆ ಬೀಗ ಹಾಕಿ ಬಂದಿದ್ದರು. ಆವತ್ತಿನ ಅಂಪೈರು ಹೊಸಬರು, ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯವರು. ಮನೆಮಾತು ಬೇರೆ, ಕನ್ನಡ ಆಮೇಲೆ ಕಲಿತದ್ದು. ಕೆಟ್ಟವರಲ್ಲ. ಗೆರೆ ದಾಟಿದರೆ ಯಾರಾದರೂ ಸೀಟಿ, ಕೂಗಿದ್ದು ಕೇಳಿಸದಿದ್ದರೆ ಸೀಟಿ, ಅಷ್ಟು ಖಂಡಿತ. ಆ ಕೆಂಪು ಪಟ್ಟಿ ನೋಡಿ, "ಏನಿದು?" ಅಂದರು. ಮೇಡಂ ವಿವರಿಸಿದರು. ಅವರಿಗೆ ಅರ್ಥ ಆಯಿತೋ ಬಿಟ್ಟಿತೋ, "ತೊಂದರೆ ಆದರೆ ಹೊರಗೆ ಕಳಿಸ್ತೀನಿ" ಅಂತ ಹೇಳಿ ಆಟ ಶುರು ಮಾಡಿದರು.

ಸಮ ಸಮ ಆಟ. ಕೊನೆಯ ಪಾಳಿ ನಮ್ಮದು, ಅಟ್ಟೋ ಪಾಳಿ. ಗೆಲ್ಲೋಕೆ ಇನ್ನೂ ಮೂವರನ್ನ ಹಿಡಿಯಬೇಕಿತ್ತು, ಹೊತ್ತು ಬೇಕಾದಷ್ಟಿತ್ತು. ನನ್ನ ಗೆಳತಿ ಕಂಬದ ಹತ್ತಿರ ಹಾರಿದಳು. ಮುಟ್ಟಿದಳು, ಒಬ್ಬಳು ಹೋದಳು. ಬಿದ್ದಿದ್ದು ಮಾತ್ರ ಮಣಿಕಟ್ಟಿನ ಮೇಲೆ. ಚಟ್ ಅಂದದ್ದು ಪಕ್ಕದ ಚೌಕದಲ್ಲಿದ್ದ ನನಗೂ ಕೇಳಿಸಿತು. ಎದ್ದಳು, ಇನ್ನೊಬ್ಬಳನ್ನ ಅಟ್ಟಿಕೊಂಡು ಬಂದಳು, ಒಬ್ಬಳಿಗೆ ಖೋ ಕೊಟ್ಟು ಚೌಕದಲ್ಲಿ ಕೂತಳು. ಕೂತ ಮೇಲೆ ಕೈ ನೋಡಿಕೊಂಡಳು. ಗಾಜು ಒಳಗೆ ಇಳಿದಿತ್ತು. ರಕ್ತ ಪಟ್ಟಿಯೊಳಗೆ ಹರೀತಿತ್ತು, ಆದರೆ ಪಟ್ಟಿ ಕೆಂಪಲ್ಲವಾ, ಹೊರಗಿನವರಿಗೆ ಏನೂ ಕಾಣ್ತಿರಲಿಲ್ಲ.

ಅವಳು ಕೈ ಎತ್ತಿ ಅಂಪೈರಿಗೆ ಹೇಳಿದಳು. "ಸಾ, ಬಳೆ ಎಚ್ಚಾಯ್ತು ಸಾ."

ನಮ್ಮ ಕಡೆ ಬಳೆ ಒಡೆಯೋದಿಲ್ಲ. ಹೆಚ್ಚಾಗ್ತದೆ. ಒಡೀತು ಅನ್ನೋ ಮಾತು ಮುತ್ತೈದೆಯರ ಮನೆಯಲ್ಲಿ ಬಾಯಿಗೆ ಬರಬಾರದು, ಅದು ಗಂಡ ಸತ್ತಾಗ ಆಡೋ ಮಾತು. ಅಡಿಗೆಮನೆಯಲ್ಲಿ ಅಕ್ಕಿ ಖಾಲಿಯಾದರೂ ನಮ್ಮವ್ವ "ಅಕ್ಕಿ ಎಚ್ಚಾಗದೆ, ತತ್ತಾ" ಅನ್ನೋಳು. ನಾಲ್ಕು ಮಾರು ದೂರದಲ್ಲಿ ಅಜ್ಜಿ ಕೂತಿದೆ, ಬಳೆ ತೊಡಿಸಿದ ಅಜ್ಜಿ. ಮಾವ ನಿಂತಿದ್ದಾನೆ. ಅವರ ಎದುರಿಗೆ ಬಳೆ ಒಡೀತು ಅಂತ ಆ ಹುಡುಗಿ ಹೇಗೆ ಹೇಳ್ತಾಳೆ? ನಾನಾಗಿದ್ದರೂ ಹೇಳ್ತಿರಲಿಲ್ಲ. ಮದ್ದೂರು ಮಂಡ್ಯದ ಯಾವ ಹೆಣ್ಣೂ ಹೇಳ್ತಿರಲಿಲ್ಲ.

ದಂಡಿನ ಅಂಪೈರಿಗೆ ಅರ್ಥ ಆದದ್ದೇ ಬೇರೆ. ಬಳೆ ಜಾಸ್ತಿ ಆಗಿದೆಯಂತೆ, ಆಡೋಕೆ ತೊಡಕಂತೆ. "ಹೆಚ್ಚಾಗಿದ್ರೆ ಹೊರಗೆ ಹೋಗಿ ತೆಗೆದಿಟ್ಟು ಬಾ. ಆಟ ನಿಲ್ಲಿಸೋಲ್ಲ" ಅಂತ ಕೈ ಮಾಡಿ ಕಳಿಸೇಬಿಟ್ಟರು. ಅವಳು ತಬ್ಬಿಬ್ಬಾಗಿ ಎದ್ದು ಹೊರಗೆ ನಡೆದಳು. ಹಾಗಲ್ಲ ಸಾರ್ ಅಂತ ನಾನು ಬಾಯಿ ತೆಗೆಯೋಷ್ಟರಲ್ಲಿ ನನ್ನ ಬೆನ್ನಿಗೆ ಖೋ ಬಿತ್ತು. ಬಿದ್ದ ಮೇಲೆ ಓಡಲೇಬೇಕು. ಓಡಿದೆ.

ಓಡ್ತಾ ಓಡ್ತಾ ಒಂದು ಕಣ್ಣು ಹೊರಗೆ. ಮೇಡಂ ಆ ತುದಿಯಿಂದ ಓಡಿ ಬಂದು ಪಟ್ಟಿ ಬಿಚ್ಚಿದರು. ರಕ್ತ ಕಂಡಿತು. "ಬದಲಿ ಹುಡುಗಿ ಕಳಿಸ್ತೀನಿ" ಅಂತ ಕೂಗಿದರು. ಪಾಳಿಯ ನಡುವೆ ಬದಲಿ ಇಲ್ಲ ಅಂದರು ಅಂಪೈರು. ಒಳಗೆ ಸಿಕ್ಕಿಕೊಂಡ ಗಾಜು ತೆಗೀಬೇಕಾದರೆ ಉಳಿದ ಬಳೆಗಳನ್ನ ಕೈಯಿಂದ ಇಳಿಸಬೇಕು. ಮೇಡಂ ಇಳಿಸೋಕೆ ಹೋದರೆ ಅಜ್ಜಿ ಕಂಬಳಿಯಿಂದ ಎದ್ದು ಬಂದು ಮೊಮ್ಮಗಳ ಕೈಯನ್ನ ಗಬಕ್ಕನೆ ಹಿಡಿದುಕೊಂಡಿತು. "ಮದ್ವೆ ಎಣ್ಣ ಕೈ ಬರ್ದು ಮಾಡ್ತೀಯೇನವ್ವಾ, ಓದ್ದೋಳೇ? ನನ್ ಮಗ ಕಣ್ಮುಂದೆ ನಿಂತವ್ನೆ ಕಾಣಾಕಿಲ್ವಾ?" ಮೇಡಂ ಒಂದು ಕಡೆ ಎಳೀತಾರೆ, ಮುದುಕಿ ಒಂದು ಕಡೆ ಎಳೀತದೆ. ಅವಳಪ್ಪ ಟವಲ್ಲು ಹಿಸುಕುತ್ತಾ ನಿಂತಿದ್ದಾರೆ. ನಡುವೆ ಅವಳು ಕಣ್ಣು ನೆಟ್ಟು ಬಯಲ ಕಡೆ ನೋಡ್ತಿದ್ದಾಳೆ. ನಾನು ಒಬ್ಬಳನ್ನ ಮುಟ್ಟಿದೆ. ಇನ್ನು ಒಂದೇ ಒಂದು ಬೇಕಿತ್ತು, ಅವಳು ಒಳಗೆ ಬಂದಿದ್ದರೆ ಅದು ಕೈಯಲ್ಲಿದ್ದ ಹಾಗೆ.

ಆಗ ಮಾವ ಬಂದ. ತಾಯಿಯ ಕೈಯನ್ನ ಬಿಡಿಸಿದ. "ನಾನೇ ಏಳ್ತಾವ್ನಿ, ತಗಿಯವ್ವಾ. ನಾ ಸಾಯಾಕಿಲ್ಲ. ತಗುದು ಓಗಿ ಆಡು" ಅಂದ. ಮುದುಕಿ ಎಲ್ಲರೆದುರಿಗೆ ಅವನ ಕೆನ್ನೆಗೆ ಹೊಡೀತು. ಅವನು ಅದನ್ನ ಲೆಕ್ಕಕ್ಕೇ ಇಡದೆ ಅವಳ ಕೈಯನ್ನ ತನ್ನ ಕೈಯಲ್ಲಿ ಇಟ್ಟುಕೊಂಡು ಒಂದೊಂದೇ ಬಳೆ ಇಳಿಸೋಕೆ ಶುರು ಮಾಡಿದ. ರಕ್ತದಲ್ಲಿ ಬಳೆ ಜಾರ್ತಿತ್ತು. ಬಯಲಲ್ಲಿ ನಮ್ಮ ಟೀಮಿನ ಗಿಡ್ಡ ಹುಡುಗಿಯೊಬ್ಬಳು ಓಡೋಳ ಹಿಂದೆ ಬಿದ್ದು, ರೂಢಿಯ ಮೇಲೆ ಗೆಳತಿಯ ಚೌಕದ ಹತ್ತಿರ ಬಂದು ಬಗ್ಗಿ "ಖೋ" ಅಂದಳು. ಅಲ್ಲಿ ಬೆನ್ನೇ ಇರಲಿಲ್ಲ. ಅವಳ ಕೈ ನೆಲಕ್ಕೆ ಬಡಿಯಿತು. ಅಂಪೈರು ತಪ್ಪು ಅಂತ ಸೀಟಿ ಊದಿದರು. ಆ ಸೀಟಿಯ ಹಿಂದೆಯೇ ಹೊತ್ತು ಮುಗಿದ ಉದ್ದನೆ ಸೀಟಿ.

ಅವಳು ಬರಿಗೈಯಲ್ಲಿ ಗೆರೆಯ ಮೇಲೆ ನಿಂತಿದ್ದಳು. ಒಳಗೆ ಒಂದು ಕಾಲಿಟ್ಟಿದ್ದಳು.

ನಾನು ಅತ್ತೆ. ಬಯಲಲ್ಲೇ ಬೋರಲು ಬಿದ್ದು ಮಣ್ಣು ತಿಂದ ಹಾಗೆ ಅತ್ತೆ. ನಮ್ಮಪ್ಪ ಬಂದು ಎತ್ತಿ, "ಆಟ ಕಣವ್ವಾ, ಬುಡು" ಅಂದರು. ಆಟ ಅಂತೆ. ಅವತ್ತು ಒಂದು ಜೀವ ಆಟಕ್ಕೆ ಕಟ್ಟಿದ್ದರು, ಅದು ಅಪ್ಪನಿಗೂ ಗೊತ್ತಿತ್ತು. ಮೇಡಂ ಆಮೇಲೆ ಅಂಪೈರಿಗೆ ಆ ಮಾತಿನ ಅರ್ಥ ಹೇಳಿದರು. ಅವರು ತಲೆ ಮೇಲೆ ಕೈ ಇಟ್ಟುಕೊಂಡು ಕೂತರು. "ರಕ್ತ ಬರ್ತಿದೆ ಅನ್ನಬಾರದಾಗಿತ್ತಾ ಮಗು?" ಅಂತ ಅವಳನ್ನ ಕೇಳಿದರು. ಅನ್ನಬಹುದಿತ್ತು. ಎಷ್ಟು ವರ್ಷ ಆಯಿತು, ನಾನೂ ಅದನ್ನೇ ಯೋಚನೆ ಮಾಡ್ತೀನಿ. ಕೈ ಕೊಯ್ದಾಗ ಅವಳ ಬಾಯಿಗೆ ಮೊದಲು ಬಂದದ್ದು ಕೈಯಲ್ಲ, ಬಳೆ. ಹಾಗೆ ಬೆಳೆಸಿದ್ದರು ನಮ್ಮನ್ನ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳಪ್ಪ ಆಡಿದ ಮಾತಿಗೆ ತಪ್ಪೋ ಮನುಷ್ಯ ಅಲ್ಲ. ಗೆದ್ದಿದ್ದರೂ ತಪ್ಪುತ್ತಿರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸೋದು. ಮೇಡಂ ಬೆಸಗರಹಳ್ಳಿಯ ತನಕ ಹೋಗಿ ಬೇಡಿಕೊಂಡರು, ಇನ್ನೊಂದು ವರ್ಷ ಅಂದರು. "ನಾ ಏನ್ ಏಳಿದ್ದೆ, ನೀವೂ ಕೇಳುಸ್ಕಂಡ್ರಲ್ಲ" ಅಂದರಂತೆ ಅವರು, ಕಾಫಿ ಕೊಟ್ಟು ಕಳಿಸಿದರಂತೆ. ಮಾವನೂ ತಾಯಿಗೆ ಇನ್ನೊಂದು ವರ್ಷ ತಡೆಯವ್ವಾ ಅಂದಿದ್ದನಂತೆ. ಮುದುಕಿ ಬಳೆ ಹೆಚ್ಚಾದ ಅಪಶಕುನ ತಲೆಗೆ ಹಚ್ಚಿಕೊಂಡು, ಬೇಗ ತಾಳಿ ಬೀಳದಿದ್ದರೆ ಮಗ ಉಳಿಯೋದಿಲ್ಲ ಅಂತ ಅನ್ನ ನೀರು ಬಿಟ್ಟು ಕೂತಿತು. ಮದುವೆ ಪೂರಿಗಾಲಿಯಲ್ಲಿ ಆಯಿತು. ನಾವು ಟೀಮಿನವರೆಲ್ಲ ಹೋಗಿದ್ದೆವು. ಧಾರೆ ಎರೆಯೋವಾಗ ಅವಳ ಮಣಿಕಟ್ಟಿನ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ, ಅದರ ಮೇಲೆ ಹೊಸ ಬಳೆ. ಅವಳು ಅಳಲಿಲ್ಲ. ಊಟದ ಪಂಕ್ತಿಯಲ್ಲಿ ಮಾವ ತಾನೇ ನನ್ನ ಎಲೆಗೆ ಪಾಯಸ ಬಡಿಸಿದ. ಬಡಿಸ್ತಾ, "ನಾ ಕಾಲೇಜಿಗೆ ಕಳುಸ್ತೀನಿ ಕಣವ್ವಾ" ಅಂದ. ಅವನು ಆ ಮಾತನ್ನ ನಂಬಿಯೇ ಆಡಿದ್ದು. ಪೂರಿಗಾಲಿಯಿಂದ ಮದ್ದೂರಿಗೆ ಎರಡು ಬಸ್ಸು, ಮನೆಯಲ್ಲಿ ಮುದುಕಿ, ನಡುಮನೆ ತುಂಬಾ ರೇಷ್ಮೆ ಹುಳದ ತಟ್ಟೆಗಳು. ಯಾರು ಕಳಿಸ್ತಾರೆ, ಯಾರು ಹೋಗ್ತಾರೆ.

ಮರುವರ್ಷ ಅದೇ ಪಂದ್ಯಾವಳಿ ನಾವು ಗೆದ್ದೆವು. ಅದೇ ಬಯಲು, ಅದೇ ಮಂಡ್ಯದ ಟೀಮು. ಅಲ್ಲಿಂದ ರಾಜ್ಯಮಟ್ಟಕ್ಕೆ ಹೋಗಿ ಮೊದಲ ಆಟದಲ್ಲೇ ಸೋತು ಬಂದೆವು, ಆದರೆ ಸರ್ಟಿಫಿಕೇಟು ಬಂತು. ಅದರ ಮೇಲೆ ನನಗೆ ಟ್ರೈನಿಂಗ್ ಸೀಟು ಸಿಕ್ಕಿತು. ಇಷ್ಟು ವರ್ಷ ಬಿಳಿ ಸೀರೆ ಉಟ್ಟು ಸೀಟಿ ಊದಿ ಅನ್ನ ತಿಂದದ್ದು ಅದರಿಂದಲೇ. ನನಗೆ ಪೀಟಿ ಮೇಡಂ ಆಗೋ ಆಸೆಯೇ ಇರಲಿಲ್ಲ. ಬ್ಯಾಂಕಿನಲ್ಲಿ ಕೂತು ಕೆಲಸ ಮಾಡಬೇಕು ಅಂತ ಇತ್ತು.

ಸೀಟು ಸಿಕ್ಕಿದ ವಾರ ಪೂರಿಗಾಲಿಗೆ ಹೋದೆ. ಬೇರೆಯವರ ಬಾಯಿಂದ ಕೇಳೋದಕ್ಕಿಂತ ನಾನೇ ಹೇಳೋದು ಮೇಲು ಅನ್ನಿಸಿತು. ಹುಳ ನಾಲ್ಕನೇ ಜ್ವರದಿಂದ, ಅಂದರೆ ಕೊನೇ ಸಲ ಪೊರೆ ಬಿಟ್ಟು, ಎದ್ದ ಹೊತ್ತು, ಸೊಪ್ಪು ಹಾಕೋದು ಒಂದು ನಿಮಿಷ ತಡ ಮಾಡೋ ಹಾಗಿಲ್ಲ. ಅವಳು ತಟ್ಟೆಯಿಂದ ತಟ್ಟೆಗೆ ಹಿಪ್ಪುನೇರಳೆ ಸೊಪ್ಪು ಹರಡ್ತಾ ಇದ್ದಳು. ನನ್ನ ನೋಡಿ ನಕ್ಕು, "ಬಾರಮ್ಮಿ, ಕುಂತ್ಕ, ಕೈ ಬುಡಂಗಿಲ್ಲ" ಅಂದಳು. ನಾನೂ ಒಂದು ಹಿಡಿ ಸೊಪ್ಪು ತಗೊಂಡು ಹರಡೋಕೆ ಶುರು ಮಾಡಿದೆ. ಎಲ್ಲಾ ಹೇಳಿದೆ. ಪ್ರತಿ ಆಟವನ್ನೂ ಕೇಳಿದಳು. ಯಾರು ಎಲ್ಲಿ ಕೂತಿದ್ದರು, ಕಂಬದ ಹತ್ತಿರ ಹೇಗೆ ಹಿಡಿದಿರಿ, ಮಂಡ್ಯದ ಆ ಉದ್ದ ಜಡೆಯವಳು ಈ ಸಲವೂ ಆಡಿದಳಾ. ಸೀಟಿನ ಸುದ್ದಿ ಹೇಳಿದಾಗ, "ಒಳ್ಳೇದಾಯ್ತು ಬುಡು" ಅಂದಳು. ಹುಳುಗಳು ಸೊಪ್ಪು ತಿನ್ನೋ ಸದ್ದು, ಮಳೆ ಬಂದ ಹಾಗೆ, ಮನೆ ತುಂಬಾ.

"ನನ್ ಚೌಕದಾಗೆ ಯಾರ್ ಕುಂತಿದ್ರು?" ಅಂದಳು.

"ನಾನೇ ಕಣೇ" ಅಂದೆ.

ಅವಳು ಸೊಪ್ಪು ಹರಡೋದನ್ನ ನಿಲ್ಲಿಸಲಿಲ್ಲ. ಆ ತಟ್ಟೆ ಮುಗಿಸಿ, ಅದನ್ನ ಸ್ಟ್ಯಾಂಡಿಗೆ ತಳ್ಳಿ, ಇನ್ನೊಂದು ಎಳೆದುಕೊಂಡಳು. ಕೋಪ ಇರಲಿಲ್ಲ ಅವಳ ದನಿಯಲ್ಲಿ, ಅದು ಇದ್ದಿದ್ದರೆ ನಾನು ತಡಕೊಳ್ತಿದ್ದೆ.

"ನೀವ್ ಗೆಲ್ಲಬಾರ್ದಾಗಿತ್ತು ಕಣಮ್ಮಿ" ಅಂದಳು.